ಕೊಸರು

ಚಿಕ್ಕಗಡಿಯಾರದ ಕಡೆಯಿಂದ ಮಾರ್ಕೆಟ್ಟಿಗೆ ಇಳಿಯುತ್ತೇನೆ,
ಮೊದಲೂ ಹಾಗೇ ಇಳಿಯುತ್ತಿದ್ದೆ.
ಆಗ ಹೆಗಲಲ್ಲಿ ಚರ್ಮದ ಚೀಲ,
ಒಳಗೆ ಸುತ್ತಿಗೆ, ಮುದ್ರೆಯ ಉಳಿ, ರಸೀದಿ ಪುಸ್ತಕ.
ಈಗ ಯಾವುದೋ ಮದುವೆಯ ತಾಂಬೂಲದ ಬಟ್ಟೆಚೀಲ,
ಮೇಲೆ ಯಾರದೋ ಹೆಸರು, ಕಳೆದುಹೋದ ಮುಹೂರ್ತ.

ತೂಕ ಮತ್ತು ಅಳತೆ ಇಲಾಖೆ. ಮೂವತ್ತೊಂದು ವರ್ಷ.
ನಾನು ಬಂದ ಸುದ್ದಿ ನನಗಿಂತ ಮುಂದೆ ಓಡುತ್ತಿತ್ತು:
ಬಾಳೆಹಣ್ಣಿನ ಸಾಲಿನಲ್ಲೊಂದು ಕೆಮ್ಮು,
ಬೆಲ್ಲದಂಗಡಿಯಿಂದ ಅದಕ್ಕೆ ಉತ್ತರ,
ಕುಂಕುಮದ ಗುಡ್ಡೆ ದಾಟುವ ಹೊತ್ತಿಗೆ
ತಟ್ಟೆಗಳ ಹೊಟ್ಟೆಗಂಟಿದ ಹುಣಸೆಹಣ್ಣೆಲ್ಲ ಉದುರಿ
ಎಲ್ಲರ ತಕ್ಕಡಿಯೂ ಸಾಧು.

ಕಬ್ಬಿಣದ ಬಟ್ಟನ್ನು ಬೋರಲು ಹಾಕಿ
ಹೊಕ್ಕುಳಿನ ಸೀಸಕ್ಕೆ ಒಂದೇಟು ಕೊಟ್ಟರೆ
ಆ ವರ್ಷಕ್ಕೆ ಅದು ಒಂದು ಕಿಲೋ.

ಇವತ್ತು ಯಾರೂ ಕೆಮ್ಮಲಿಲ್ಲ.
ಎಲ್ಲೆಲ್ಲೂ ಕೆಂಪಂಕಿಯ ಪೆಟ್ಟಿಗೆಗಳು,
ಸೊನ್ನೆ ಸೊನ್ನೆ ಸೊನ್ನೆ ಎಂದು ಕಣ್ಣು ಮಿಟುಕಿಸುತ್ತ.
ಈರನಗೆರೆ ಬದನೆ, ಅರ್ಧ ಕಿಲೋ ಅಂದೆ.
ಐನೂರ ಹದಿನಾಲ್ಕು ತೋರಿಸಿತು.
ಹುಡುಗ ಒಂದು ಕಾಯಿ ತೆಗೆದ. ನಾನೂರ ಎಪ್ಪತ್ತಾರು.
ಬಗ್ಗಿ, ರಾಶಿ ಕೆದಕಿ, ಕೂಸಿನಂಥದೊಂದು ಹುಡುಕಿ ಇಟ್ಟ.
ಐನೂರು.
ಇವನಪ್ಪ ಜವರಯ್ಯ ಸವೆದ ಬಟ್ಟಿಟ್ಟು
ಐವತ್ತು ಗ್ರಾಂ ಕದಿಯುತ್ತಿದ್ದ,
ಆಮೇಲೆ ಎರಡು ಕಾಯಿ, ಒಂದು ಹಿಡಿ ಕರಿಬೇವು
ಬೈದುಕೊಂಡೇ ಚೀಲಕ್ಕೆ ಎಸೆಯುತ್ತಿದ್ದ.
ಕೂಡಿಸಿ ಕಳೆದರೆ ನಷ್ಟ ಅವನದೇ.
ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು
ನಮ್ಮ ನಮೂನೆಯಲ್ಲಿ ಇರಲಿಲ್ಲ.

ಎಲೆಯ ಖುದ್ದೂಸ್ ಸಾಹೇಬರು
ಬೇರೆಯವರ ಜೊತೆ ಮಾತಾಡುತ್ತಲೇ ನೂರು ಎಣಿಸುತ್ತಾರೆ.
ಮನೆಯಲ್ಲಿ ಬಿಚ್ಚಿ ಎಣಿಸಿದ್ದೇನೆ, ಎಷ್ಟೋ ಸಲ:
ನೂರ ಮೂರು. ಯಾವಾಗಲೂ ನೂರ ಮೂರು.
ಕೇಳಿದ್ದಕ್ಕೆ ಅಂದಿದ್ದರು,
“ಹರಿದದ್ದು ಎರಡಿರುತ್ತೆ ಸಾರ್,
ಇನ್ನೊಂದು ನಿಮ್ಮ ಅನುಮಾನಕ್ಕೆ.”

ಆಮೇಲೆ ಹೂವಿನ ಸಾಲು.
ಒದ್ದೆ ಗೋಣಿ, ಮರುಗ, ಕೊಳೆತ ಎಲೆಕೋಸಿನ ಘಾಟು,
ಎಲ್ಲದರ ಮೇಲೆ ಮಲ್ಲಿಗೆ.
ಇಲ್ಲಿ ಮಾತ್ರ ನಾನು ಸೋತಿದ್ದೆ.
ತೊಂಬತ್ತರ ಸುಮಾರು, ಸಹಿಯಿಲ್ಲದ ಪೋಸ್ಟ್ ಕಾರ್ಡು:
ಹೂವಿನ ದೊಡ್ಡತಾಯಮ್ಮನ ಮೊಳ ಗಿಡ್ಡ.
ಮೀಟರ್ ಪಟ್ಟಿ ಹಿಡಿದು ಹೋದೆ.
ಅವಳು ಕೈ ಚಾಚಿದಳು,
ಮೊಣಕೈಯಿಂದ ನಡುಬೆರಳ ತುದಿಯವರೆಗೆ
ಬಾಳೆನಾರು ಕೊಯ್ದ ಗೆರೆ, ಒಂದೇ ಒಂದು ಗಾಜಿನ ಬಳೆ.
“ಹೊಡೀರಿ ಸ್ವಾಮಿ ಸೀಲು, ಎಲ್ಲಿಗೆ ಹೊಡೀತೀರಿ?
ದ್ಯಾವ್ರು ಕೊಟ್ಟಿರೋದೇ ಇಷ್ಟುದ್ದ.”
ಇಡೀ ಸಾಲು ನಕ್ಕಿತು.
ನಲವತ್ತೊಂದು ಸೆಂಟಿಮೀಟರ್, ಬರೆದುಕೊಂಡೆ,
ಪುಸ್ತಕ ಮುಚ್ಚಿದೆ,
ಎರಡು ಮೊಳ ಕೊಂಡು ಮನೆಗೆ ಹೋದೆ.
ಅಲ್ಲಿಂದಾಚೆ ಅವಳ ಹತ್ತಿರವೇ.
ನನ್ನವಳು ತನ್ನ ಕೈಗೆ ಹಿಡಿದು ನೋಡಿ
“ಇದ್ಯಾವ ಸೀಮೆ ಮೊಳ?” ಅನ್ನುವುದೂ ತಪ್ಪಲಿಲ್ಲ.

ಈಗ ಆ ಗೋಣಿಯ ಮೇಲೆ ಸೊಸೆ, ಶಿವಗಾಮಿ,
ಎತ್ತರದ ಹುಡುಗಿ, ನೀಳ ತೋಳು.
ಅಳೆಯುವಾಗ ಬೆರಳು ಮಡಿಸುತ್ತಾಳೆ,
ಗೆಣ್ಣಿಗೇ ನಿಲ್ಲಿಸುತ್ತಾಳೆ ದಾರವನ್ನು.
ನನ್ನ ಹಳೇ ಕಣ್ಣು ತಡೆಯಲಿಲ್ಲ: ಯಾಕಮ್ಮ?
“ಇದು ನಮ್ಮತ್ತೆ ಮೊಳದ ರೇಟು ಅಣ್ಣ.
ನಂದು ಉದ್ದ ಆಯ್ತದೆ, ಅದ್ಕೇ ಮಡಿಸ್ಕೋತೀನಿ.”
ಎರಡು ಸಲ ಮಡಿಸಿದ ಕೈ.
ಕತ್ತರಿಸುವ ಮುಂಚೆ, ಏನೋ ನೆನಪಾದಂತೆ,
ಬೆರಳು ಬಿಚ್ಚಿದಳು,
ದಾರ ತುದಿಯವರೆಗೆ ಹರಿಯಿತು.

ಚಿಲ್ಲರೆಗೆ ಫೋನು ತೋರಿಸಿ ಅಂದಳು. ಹುಡುಕಿ ನಾಣ್ಯ ಕೊಟ್ಟೆ.

ಮನೆಯಲ್ಲಿ ನನ್ನವಳು ಅಳೆದಳು, ಎಂದಿನಂತೆ,
ಏನೂ ಅನ್ನದೆ ಮತ್ತೊಮ್ಮೆ ಅಳೆದಳು.
ಬದನೆ ನಿಖರ ಐನೂರು.
ಹೂವಿನ ಲೆಕ್ಕ ಬರೆದಿಟ್ಟ ಪುಸ್ತಕ
ಇಲಾಖೆಗೆ ಒಪ್ಪಿಸಿ ಎಂಟು ವರ್ಷವಾಯಿತು.